ದುಂಡವ್ವನ ತಗ್ಗು

ಜತ್ತ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸುಭಾನರ ಪ್ರಿಂಟಿಂಗ್ ಪ್ರೆಸ್ಸಿದೆ. ಹೆಚ್ಚಿಗೆ ಅಚ್ಚಾಗುವುದು ಲಗ್ನಪತ್ರಿಕೆಗಳೇ. ಮರಾಠಿ ಬೇಕೆಂದವರಿಗೆ ಮರಾಠಿ, ಕನ್ನಡ ಬೇಕೆಂದವರಿಗೆ ಕನ್ನಡ. ಬೀಗರಲ್ಲಿ ಒಬ್ಬರು ಗಡಿಯ ಆ ಕಡೆಯವರು, ಇನ್ನೊಬ್ಬರು ಈ ಕಡೆಯವರು ಇದ್ದರೆ ಒಂದೇ ಹಾಳೆಯ ಎರಡು ಮಗ್ಗುಲಿಗೆ ಎರಡೂ. ಅಕ್ಷರದ ವಿಷಯದಲ್ಲಿ ಸುಭಾನರು ಭಾಳ ಕಟ್ಟುನಿಟ್ಟು. ಒಮ್ಮೆ ಮದುಮಗಳ ಹೆಸರಿನಲ್ಲಿ ಒಂದು ದೀರ್ಘ ತಪ್ಪಿತೆಂದು, ಮನೆಯವರು ಇರಲಿ ಬಿಡ್ರಿ ಎಂದರೂ ಕೇಳದೆ, ಮುನ್ನೂರು ಪತ್ರಿಕೆ ಹರಿದು ಹಾಕಿ ಮತ್ತೆ ಅಚ್ಚು ಮಾಡಿಕೊಟ್ಟಿದ್ದರು. ಹೆಂಡತಿ ಶಮಶಾದ, ಇವರಿಗೆ ರೊಟ್ಟಿ ಆರಿದರೂ ನಡೀತದ, ಒತ್ತಕ್ಷರ ಹಾರಿದರ ನಡ್ಯೂದಿಲ್ಲ ಎಂದು ಬಂದವರೆದುರು ಹೇಳುತ್ತಿದ್ದಳು.

ಮೇ ತಿಂಗಳ ಒಂದು ಮುಂಜಾನೆ ಆ ಪ್ರೆಸ್ಸಿಗೆ ಸೃಷ್ಟಿ ಬಂದಳು. ಎದುರಿನ ಅರಿವೆ ಅಂಗಡಿ ಅಮೋಘಸಿದ್ದಪ್ಪನವರ ಮಗಳು. ಪುಣೆಯಲ್ಲಿ ಸಂಶೋಧನೆಗೆ ಸೇರಿ ಮೂರು ವರ್ಷವಾಗಿತ್ತು. ರಜೆಗೆ ಊರಿಗೆ ಬಂದಿದ್ದಳು. ಚೀಲದಿಂದ ಒಂದು ದೊಡ್ಡ ಫೋಟೋ ತೆಗೆದು ಮೇಜಿನ ಮೇಲೆ ಹರಡಿದಳು. ಬೆಳ್ಳನೆಯ ನೆಲ, ತುಂಬ ತಗ್ಗುಗಳು.

ಸುಭಾನರು ಕನ್ನಡಕ ಏರಿಸಿ ನೋಡಿ, ಯಾರ ಮನೆಯ ಗೋಡೆಯ ಗಿಲಾವು ಉದುರಿದೆ ಎಂದು ಕೇಳಿದರು.

ಸೃಷ್ಟಿ ನಕ್ಕು ಬಿಡಿಸಿ ಹೇಳಿದಳು. ಇದು ಶನಿ ಗ್ರಹದ ಸುತ್ತ ತಿರುಗುವ ಒಂದು ಚಂದ್ರ. ನಮಗಿರುವುದು ಒಂದೇ ಚಂದ್ರ, ಶನಿಗೆ ಲೆಕ್ಕವಿಲ್ಲದಷ್ಟು. ಈ ಚಂದ್ರನ ಹೆಸರು ರಿಯಾ. ಮೈತುಂಬ ಹಿಮ, ಕಲ್ಲಿನಷ್ಟು ಗಟ್ಟಿ ಹಿಮ. ಹಿಂದೆ ಯಾವಾಗಲೋ ಬಂಡೆಗಳು ಬಂದು ಬಡಿದದ್ದಕ್ಕೆ ಈ ತಗ್ಗುಗಳು ಬಿದ್ದಿವೆ. ಹೆಸರಿಡಲು ಪ್ರತಿ ಚಂದ್ರನಿಗೂ ಒಂದೊಂದು ಪದ್ಧತಿ ಇದೆ. ರಿಯಾದ ಮೇಲಿನ ತಗ್ಗುಗಳಿಗೆ ಲೋಕ ಹುಟ್ಟಿದ ಕಥೆಗಳಲ್ಲಿ ಬರುವವರ ಹೆಸರು. ಬೇರೆ ಬೇರೆ ದೇಶದ ಹಳೆಯ ಜನ ಆಗಲೇ ಅಲ್ಲಿ ಹೋಗಿ ಕೂತಿದ್ದಾರೆ. ಸೃಷ್ಟಿ ವರ್ಷಗಟ್ಟಲೆ ಅಳತೆ ಮಾಡಿದ ಒಂದು ತಗ್ಗಿಗೆ ಇನ್ನೂ ಹೆಸರಿರಲಿಲ್ಲ. ಅದರ ಒಂದು ದಂಡೆಯನ್ನು ಜತ್ತದಲ್ಲಿಟ್ಟರೆ ಇನ್ನೊಂದು ದಂಡೆ ವಿಜಾಪುರದ ಅರ್ಧ ದಾರಿಗೆ ಬರುತ್ತದೆ. ಅದಕ್ಕೊಂದು ಹೆಸರು ನೀನೇ ಸೂಚಿಸು, ಹೆಸರು ಮಂಜೂರು ಮಾಡುವ ಕಮಿಟಿಗೆ ಕಳಿಸೋಣ ಎಂದು ಅವಳ ಗುರುಗಳು ಹೇಳಿದ್ದರು.

ಆಗ ಅವಳಿಗೆ ನೆನಪಾದದ್ದು ಅಜ್ಜಿ. ಬೆಳುಂಕಿ ಎಂಬ ಹಳ್ಳಿಯಿಂದ ಜತ್ತಕ್ಕೆ ಸೊಸೆಯಾಗಿ ಬಂದಿದ್ದ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಹಾಡು ಹೇಳುತ್ತಿದ್ದಳು. ಭೂಮಿಯೆಲ್ಲ ಕಲಸಿದ ಹಿಟ್ಟಿನಂತೆ ಮೆತ್ತಗಿದ್ದಾಗ ಒಬ್ಬ ಹೆಣ್ಣುಮಗಳು ಅದರ ಮೇಲೆ ನಡೆದಾಡಿದ್ದು, ಅವಳ ಹಿಮ್ಮಡ ಊರಿದಲ್ಲೆಲ್ಲ ತಗ್ಗು ಬಿದ್ದದ್ದು, ತಗ್ಗಿನಲ್ಲಿ ನೀರು ನಿಂತು ಕೆರೆಯಾದದ್ದು, ಇಷ್ಟು ಸೃಷ್ಟಿಗೆ ನೆನಪಿತ್ತು. ಹೆಸರೊಂದು ಮರೆತಿತ್ತು. ಅವಳು ಆರು ವರ್ಷದವಳಿದ್ದಾಗಲೇ ಅಜ್ಜಿ ತೀರಿಕೊಂಡಿದ್ದಳು.

ಎರಡು ಷರತ್ತುಗಳಿದ್ದವು. ಇಂದಿಗೂ ಗುಡಿಯಲ್ಲಿ ಪೂಜೆ ನಡೆಯುವ ದೇವರ ಹೆಸರಾಗಿರಬಾರದು. ಮತ್ತೆ, ಹೆಸರು ಯಾವುದಾದರೂ ಪುಸ್ತಕದಲ್ಲಿ ಅಚ್ಚಾಗಿರಬೇಕು, ಪುಟದ ನಂಬರು ಸಮೇತ ತೋರಿಸಬೇಕು. ಬಾಯಿಂದ ಬಾಯಿಗೆ ಬಂದ ಹಾಡಿಗೆ ಪುಟ ಎಲ್ಲಿಯದು? ಅದಕ್ಕೇ ಅವಳು ಪ್ರೆಸ್ಸಿಗೆ ಬಂದಿದ್ದಳು.

ಸುಭಾನರು, ಪುಸ್ತಕ ನಾನು ಮಾಡುತ್ತೇನೆ, ಹೆಸರು ನೀನು ಹುಡುಕಿಕೊಂಡು ಬಾ ಎಂದರು. ಅಷ್ಟು ಹೇಳಿ ಸುಮ್ಮನೆ ಕೂಡುವುದು ಅವರಿಂದ ಆಗಲಿಲ್ಲ. ಮಧ್ಯಾಹ್ನಕ್ಕೆ ಕಾಗದದ ರಿಮ್ಮು ಸಾಗಿಸುವ ತಮ್ಮ ಓಮ್ನಿ ತೆಗೆದು, ನಡಿ, ಬೆಳುಂಕಿಗೆ ಹೋಗೋಣ ಎಂದರು.

ಬೆಳುಂಕಿಯಲ್ಲಿ ಅಜ್ಜಿಯ ಜೊತೆ ಹಾಡುತ್ತಿದ್ದವರಲ್ಲಿ ಉಳಿದವಳು ಭಾಗವ್ವ. ಎಪ್ಪತ್ತು ದಾಟಿದ್ದರೂ ನೆಟ್ಟಗಿದ್ದಳು. ಅಂಗಳದಲ್ಲಿ ಹೊರಸು ಹಾಕಿ ಶಾವಿಗೆ ಒಣಗಿಸುತ್ತಿದ್ದಳು. ಗೆಳತಿಯ ಮೊಮ್ಮಗಳೆಂದು ತಿಳಿದದ್ದೇ ಸೃಷ್ಟಿಯ ಗಲ್ಲ ಹಿಡಿದು ನೋಡಿ ಒಳಗೆ ಕರೆದಳು. ಹಾಡು ಕೇಳಿದಾಗ ಮಾತ್ರ ತಡವರಿಸಿದಳು. ಕೈ ಖಾಲಿ ಇದ್ದರೆ ತನಗೆ ಹಾಡು ಬರುವುದಿಲ್ಲ, ಬೀಸುಕಲ್ಲು ತಿರುಗಿದರೇ ಒಂದರ ಹಿಂದೆ ಒಂದು ನುಡಿ ಬರುತ್ತವೆ ಎಂದಳು.

ಬೀಸುಕಲ್ಲು ದನದ ಕೊಟ್ಟಿಗೆಯಲ್ಲಿತ್ತು. ಮೇಲಿನ ಕಲ್ಲು ಒಂದು ಕಡೆ, ಕೆಳಗಿನ ಕಲ್ಲು ಕೋಳಿಗೆ ನೀರಿಡುವ ಜಾಗದಲ್ಲಿ. ಸುಭಾನರು ತೋಳು ಮಡಚಿ ಎರಡನ್ನೂ ತೊಳೆದು ತಂದು ಕೂಡಿಸಿದರು. ಎದುರು ಕೂತು ಗೂಟಕ್ಕೆ ಕೈಹಾಕಿದ್ದೂ ಅವರೇ. ನಾಲ್ಕು ಸುತ್ತಿಗೆ ಅವರ ಉಸಿರು ಮೇಲಾಯಿತು; ಭಾಗವ್ವನಿಗೆ ಆಗ ದನಿ ಬಂತು.

ಹಸಿ ನೆಲದ ಮ್ಯಾಲ ಹಿಮ್ಮಡ ಊರ್ಯಾಳ
ನಸಿಕೀಲಿ ಎದ್ದು ದುಂಡವ್ವ | ತುಳಿದಲ್ಲಿ
ಹೊಸ ನೀರು ಬಂದು ನಿಂತಾವ

ದುಂಡವ್ವ! ಸೃಷ್ಟಿ ಮರೆತಿದ್ದ ಹೆಸರು ಅದೇ. ಅಜ್ಜಿಯ ತೊಡೆ, ಅಜ್ಜಿಯ ಇಳಕಲ್ಲ ಸೀರೆಯ ವಾಸನೆ ಎಲ್ಲ ಆ ಮೂರು ಅಕ್ಷರದಲ್ಲಿ ಬಂದವು. ಮೊಬೈಲಿನಲ್ಲಿ ಹಾಡನ್ನೆಲ್ಲ ಹಿಡಿದುಕೊಂಡಳು. ದುಂಡವ್ವನಿಗೆ ಎಲ್ಲಾದರೂ ಗುಡಿ ಇದೆಯೇ ಎಂದು ಕೇಳಿದ್ದಕ್ಕೆ ಭಾಗವ್ವ, ಗುಡಿಯೂ ಇಲ್ಲ, ಎಡೆಯೂ ಇಲ್ಲ, ಹಾಡಿನಲ್ಲಿ ಬರುತ್ತಾಳೆ, ಹಾಡು ಮುಗಿದರೆ ಹೋಗುತ್ತಾಳೆ ಎಂದಳು.

ಕೆಲಸ ಮುಗಿಯಿತೆಂದು ಸೃಷ್ಟಿ ಎದ್ದಳು. ಸುಭಾನರು ಏಳಲಿಲ್ಲ. ಅಚ್ಚಿಗೆ ಹೋಗುವ ಮಾತನ್ನು ಒಬ್ಬರ ಬಾಯಿಂದ ಕೇಳಿ ಬಿಡುವವರಲ್ಲ ಅವರು. ಈ ಹಾಡು ಬಲ್ಲವರು ಇನ್ನೂ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಭಾಗವ್ವನ ಮುಖ ಸಣ್ಣದಾಯಿತು. ಇದ್ದಾಳೆ, ಕುಣಿಕೋಣೂರಿನಲ್ಲಿ ಗೌರವ್ವ ಇದ್ದಾಳೆ, ಆದರೆ ಅವಳನ್ನು ಕೇಳಬೇಡಿ ಎಂದಳು. ಆಮೇಲೆ ಒಂದೊಂದಾಗಿ ಹೊರಬಂತು. ಗೌರವ್ವ ಇದೇ ಊರಿನ ಹೆಣ್ಣು. ಇಬ್ಬರೂ ಒಂದೇ ಕಲ್ಲಿಗೆ ಕೂತು, ಒಬ್ಬಳೇ ಮುದುಕಿಯ ಬಾಯಿಂದ ಈ ಹಾಡು ಕಲಿತವರು. ಗೌರವ್ವ ಲಗ್ನವಾಗಿ ಕುಣಿಕೋಣೂರಿಗೆ ಹೋದಳು. ಹದಿನಾಲ್ಕು ವರ್ಷದ ಹಿಂದೆ ಅವಳ ಮನೆಯ ಮದುವೆಗೆ ಭಾಗವ್ವ ಹೋಗಿದ್ದಾಗ ಇಬ್ಬರನ್ನೂ ಹಾಡಲು ಕೂಡಿಸಿದರು. ಭಾಗವ್ವ ದುಂಡವ್ವ ಎಂದಳು, ಗೌರವ್ವ ಹಿಮ್ಮಡವ್ವ ಎಂದಳು. ಮತ್ತೆ ಹಾಡಿದರೂ ಅದೇ. ಒಂದೇ ಹೆಣ್ಣಿಗೆ ಎರಡು ಹೆಸರು ಇಡುತ್ತಿದ್ದಾರೆಂದು ಗಂಡಿನ ಕಡೆಯವರು ನಕ್ಕರು. ಯಾಕೆ ಹಾಡು ಕೆಡಿಸಿದೆ ಎಂದು ಭಾಗವ್ವ ಎಲ್ಲರೆದುರೇ ಕೇಳಿದಳು. ನನ್ನ ಹಾಡು ಹಾಗೇ ಇದೆ ಎಂದಷ್ಟೇ ಹೇಳಿ ಗೌರವ್ವ ಎದ್ದು ಒಳಗೆ ಹೋದಳು. ಅವತ್ತಿನಿಂದ ಮಾತಿಲ್ಲ.

ಎರಡು ದಿನ ಬಿಟ್ಟು ಸುಭಾನರೂ ಸೃಷ್ಟಿಯೂ ಕುಣಿಕೋಣೂರಿಗೆ ಹೊರಟಾಗ, ದಾರಿಯಲ್ಲಿ ಭಾಗವ್ವನನ್ನು ಕರೆದು ನೋಡಿದರು. ಬರುವುದಿಲ್ಲವೆಂದು ಹೇಳುತ್ತಲೇ ಅವಳು ಹೊಸ ಸೀರೆ ಉಟ್ಟುಕೊಂಡು ಬಂದು ಓಮ್ನಿಯ ಹಿಂದಿನ ಸೀಟಿನಲ್ಲಿ ಕೂತಳು. ತಾನು ಗಾಳಿ ತಿನ್ನಲು ಬಂದಿದ್ದು, ಯಾರ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ ಎಂದು ಮೊದಲೇ ತಿಳಿಸಿದಳು. ಮಾತಿನಂತೆ ಗೌರವ್ವನ ಮನೆಯೆದುರಿನ ಬೇವಿನ ನೆರಳಿನಲ್ಲಿ ಗಾಡಿ ನಿಂತಾಗ ಆ ಕಡೆ ಮುಖ ತಿರುಗಿಸಿ ಕೂತೇಬಿಟ್ಟಳು.

ಗೌರವ್ವ ಮೆತ್ತನೆಯ ಹೆಂಗಸು. ಬರ್ರಿ, ಕುಂದ್ರಿ ಎಂದು ಪಡಸಾಲೆಯಲ್ಲಿ ಚಾಪೆ ಹಾಸಿ ಚಹಾ ಕೊಟ್ಟಳು. ಗಾಡಿಯಲ್ಲಿ ಯಾರಿದ್ದಾರೆಂದು ನೋಡಿದ್ದರೂ ಕೇಳಲಿಲ್ಲ. ಹಾಡು ಹೇಳಲು ಬೀಸುಕಲ್ಲೇನೂ ಬೇಕಾಗಲಿಲ್ಲ ಅವಳಿಗೆ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಹಾಡಿದಳು. ಎಲ್ಲ ಅದೇ, ಹೆಸರಿನ ಜಾಗಕ್ಕೆ ಮಾತ್ರ ಹಿಮ್ಮಡವ್ವ.

ಬರೆದುಕೊಳ್ಳುತ್ತಿದ್ದ ಸುಭಾನರ ಪೆನ್ಸಿಲ್ ನಿಂತಿತು. ಇನ್ನೊಮ್ಮೆ ಹಾಡಿಸಿದರು. ಮೂವತ್ತೈದು ವರ್ಷ ಲಗ್ನಪತ್ರಿಕೆಯ ಪದ್ಯಗಳನ್ನು ತಿದ್ದಿದ ಕಿವಿ ಅದು. ಎಲ್ಲ ನುಡಿಗಳೂ ನೀರಿನಂತೆ ಹರಿಯುತ್ತಿದ್ದವು. ಆ ಹೆಸರು ಬಂದಲ್ಲಿ ಮಾತ್ರ ಗೌರವ್ವ ಒಂದು ಅಕ್ಷರ ಹೆಚ್ಚಾಗಿ, ಅವಸರ ಅವಸರವಾಗಿ ನುಂಗುತ್ತಿದ್ದಳು. ಮೇಲಿನ ಸಾಲಿನಲ್ಲಿ ಒಮ್ಮೆ ಹಿಮ್ಮಡ, ಕೆಳಗಿನ ಸಾಲಿನಲ್ಲಿ ಮತ್ತೆ ಹಿಮ್ಮಡ. ಹಾಡು ಕಟ್ಟಿದವರು ಹೀಗೆ ಕಟ್ಟುವುದಿಲ್ಲ.

"ಅವ್ವಾರ, ತಪ್ಪ ತಿಳಕೋಬ್ಯಾಡ್ರಿ," ಎಂದರು ಸುಭಾನರು. "ಈ ಹೆಸರ ಆಮ್ಯಾಲ ಕೂಡಿಸಿದ್ದು ಅನಸ್ತದ. ಮೊದಲ ಇಲ್ಲಿ ಬ್ಯಾರೆ ಹೆಸರಿತ್ತೇನ್ರಿ?"

ಗೌರವ್ವ ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ಮಡಿಕೆ ಬಿದ್ದ ಹಳೆಯ ರೇಶನ್ ಕಾರ್ಡೊಂದನ್ನು ತಂದು ಸುಭಾನರ ಮುಂದಿಟ್ಟು, ಎಲ್ಲಕ್ಕೂ ಮೇಲಿನ ಹೆಸರಿನ ಮೇಲೆ ಬೆರಳಿಟ್ಟಳು. ಬರೆದದ್ದು ಮರಾಠಿಯಲ್ಲಿ.

ಸುಭಾನರು ಕನ್ನಡಕ ಸರಿಮಾಡಿಕೊಂಡು ಓದಿದರು. "ದುಂಡವ್ವ."

ಹೆಸರು ಕಿವಿಗೆ ಬಿದ್ದದ್ದೇ ಗೌರವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನಮ್ಮತ್ತಿ," ಎಂದಳು. "ಸೊಸಿಯಾದಾಕಿ ಅತ್ತಿ ಹೆಸರ ಹೆಂಗ ಬಾಯಾಗ ಹಿಡೀಲೆವಾ? ಹಂಗಂತ ಹಾಡ ಬಿಡಾಕೂ ಆಗಲಿಲ್ಲ. ಅದಕ್ಕ ಮ್ಯಾಲಿನ ಸಾಲಿನ ಮಾತ ಇಳಿಸಿಕೊಂಡೆ. ಅವತ್ತ ಮದಿವ್ಯಾಗ ಭಾಗಿ ಯಾಕ ಅಂತ ಕೇಳಿದ್ಲು. ಯಾಕ ಅಂತ ಹೇಳಬೇಕಂದ್ರ ಹೆಸರ ಹೇಳಬೇಕು. ಅತ್ತಿ ಅಲ್ಲೇ ಎದುರಿಗೆ ಕುಂತಿದ್ಲು."

ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದರೂ ಆ ಹೆಸರು ಅವಳ ನಾಲಿಗೆಗೆ ಬಂದಿರಲಿಲ್ಲ.

ಭಾಗವ್ವನನ್ನು ಕರೆಯಲೆಂದು ಸೃಷ್ಟಿ ಎದ್ದರೆ, ಭಾಗವ್ವ ಆಗಲೇ ಬಾಗಿಲಲ್ಲಿದ್ದಳು. ಓಮ್ನಿಯ ಕಿಟಕಿ ತೆರೆದೇ ಇತ್ತು; ಎಲ್ಲ ಕೇಳಿದ್ದಳು. ಹೊಸ್ತಿಲು ದಾಟಿ ಬಂದು ಗೌರವ್ವನ ಮಗ್ಗುಲಿಗೇ ಕೂತಳು.

"ಹುಚ್ಚಿ, ಕಿವ್ಯಾಗ ಹೇಳಿದ್ರ ಆಗತಿತ್ತಲ್ಲ," ಎಂದಳು.

"ಕಿವ್ಯಾಗ ಹೇಳಿದ್ರೂ ಬಾಯೀಲೇ ಹೇಳಬೇಕಲ್ಲ," ಎಂದಳು ಗೌರವ್ವ.

ಭಾಗವ್ವನ ಕಣ್ಣು ತುಂಬಿದ್ದವು, ನಗುವೂ ಬಂದಿತ್ತು. ಅಷ್ಟು ಜನರೆದುರು ತಾನು ಹಾಡು ಕೆಡಿಸಿದೆ ಎಂದದ್ದು ತಪ್ಪಾಯಿತೆಂದು ಗೆಳತಿಯ ಕೈ ಹಿಡಿದಳು. ಗೌರವ್ವ ಎದ್ದು ಇನ್ನೊಂದು ಕಪ್ ಚಹಾ ತಂದಳು. ಆಮೇಲೆ ಇಬ್ಬರೂ ಕೂಡಿ ಇಡೀ ಹಾಡು ಹೇಳಿದರು. ಹೆಸರು ಬಂದಾಗಲೆಲ್ಲ ಗೌರವ್ವ ಬಾಯಿ ಮುಚ್ಚುತ್ತಿದ್ದಳು, ಭಾಗವ್ವ ಒಬ್ಬಳೇ ಅದನ್ನು ಹಾಡುತ್ತಿದ್ದಳು, ಮುಂದಿನ ಮಾತಿಗೆ ಗೌರವ್ವನ ದನಿ ಬಂದು ಕೂಡಿಕೊಳ್ಳುತ್ತಿತ್ತು. ಸೃಷ್ಟಿ ಮೊಬೈಲ್ ಹಿಡಿದು ಅಲುಗದೆ ಕೂತಿದ್ದಳು.

ಮಳೆಗಾಲ ಹಿಡಿಯುವುದರೊಳಗೆ ಇಪ್ಪತ್ತು ಪುಟದ ಪುಸ್ತಕ ಸಿದ್ಧವಾಯಿತು. ಕಾಲೇಜಿನಲ್ಲಿ ಕನ್ನಡ ಕಲಿಸುವ ಶಿವಯೋಗೆಪ್ಪ ಸರ್ ಮುನ್ನುಡಿ ಬರೆದರು. ಇಬ್ಬರ ಹಾಡೂ ಇದ್ದವು. ಎರಡನೆಯದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹಾಡುವವರು ಅತ್ತೆಯ ಹೆಸರನ್ನು ಉಚ್ಚರಿಸದ ಕಾರಣ ಹೀಗಿದೆ ಎಂಬ ಟಿಪ್ಪಣಿ. ಅದನ್ನು ಹಾಕುವ ಮುಂಚೆ ಸುಭಾನರು ಕುಣಿಕೋಣೂರಿಗೆ ಹೋಗಿ ಓದಿ ತೋರಿಸಿ ಒಪ್ಪಿಗೆ ಪಡೆದಿದ್ದರು. ಪ್ರತಿಗಳು ಜತ್ತ, ಸಾಂಗಲಿ, ವಿಜಾಪುರ, ಪುಣೆಯ ಗ್ರಂಥಾಲಯಗಳಿಗೆ ಹೋದವು.

ಅರ್ಜಿಯಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಒಂದೇ ವಕಾರ ಹಾಕಿದರೆ ಹೊರಗಿನವರಿಗೆ ಓದಲು ಹಗುರ ಎಂದು ಸೃಷ್ಟಿಯ ಗುರುಗಳು ಫೋನಿನಲ್ಲಿ ಹೇಳಿದರು. ಸುಭಾನರು ಅವಳ ಕೈಯಿಂದ ಫೋನು ಇಸಿದುಕೊಂಡು, ಒಂದು ವಕಾರ ತೆಗೆದರೆ ಅವಳು ಅವ್ವನೇ ಅಲ್ಲದಂತಾಗುತ್ತಾಳೆ ಎಂದು ಪುಣೆಯ ಆ ದೊಡ್ಡ ಮನುಷ್ಯರಿಗೆ ಹತ್ತು ನಿಮಿಷ ಮರಾಠಿಯಲ್ಲಿ ತಿಳಿಸಿ ಹೇಳಿದರು. ಎರಡು ವಕಾರ ಉಳಿದವು.

ಕಮಿಟಿಯಿಂದ ಒಮ್ಮೆ ಪ್ರಶ್ನೆ ಬಂತು, ಈ ಹೆಂಗಸಿಗೆ ಈಗ ಪೂಜೆ ಇದೆಯೇ ಎಂದು. ಇಲ್ಲವೆಂದು ಸೃಷ್ಟಿ ಬರೆದಳು. ಆಮೇಲೆ ಎಂಟು ತಿಂಗಳು ಏನೂ ಇಲ್ಲ. ಹೋಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಪುಣೆಯಿಂದ ಅವಳ ಫೋನು ಬಂತು: ಹೆಸರು ಮಂಜೂರಾಗಿದೆ, ನಕ್ಷೆಗೆ ಏರಿದೆ. ಸುಭಾನರು ಆ ನಕ್ಷೆಯನ್ನು ಮೊಬೈಲಿಗೆ ತರಿಸಿಕೊಂಡು ದೊಡ್ಡದು ಮಾಡಿ, ಮೊದಲು ವಕಾರಗಳನ್ನು ಎಣಿಸಿದರು. ಆಮೇಲೆ ಶಮಶಾದಳನ್ನು ಕರೆದು ತೋರಿಸಿದರು. ಅವಳು, ಎಲ್ಲಾ ಬಿಟ್ಟು ಹರಿದು ಹಾಕಲಿಕ್ಕೆ ಆಗದ ಜಾಗದಲ್ಲಿ ಹೋಗಿ ಅಚ್ಚು ಮಾಡಿದಿರಿ ಎಂದು ನಕ್ಕಳು.

ಮರುದಿನ ಅದನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಮಾಡಿಕೊಂಡು ಸುಭಾನರು ಬೆಳುಂಕಿಗೆ ಹೋದರು. ಅಲ್ಲಿ ಗೌರವ್ವನೂ ಇದ್ದಳು. ಶಾವಿಗೆ ಮಾಡಲು ಬಂದು ಎಂಟು ದಿನವಾಗಿತ್ತಂತೆ. ಇಬ್ಬರೂ ಹಾಳೆಯನ್ನು ಹೊರಸಿನ ಮೇಲಿಟ್ಟು ಬಾಗಿ ನೋಡಿದರು. ತಗ್ಗು ಎಷ್ಟು ದೊಡ್ಡದೆಂದು ಗೌರವ್ವ ಕೇಳಿದಳು. ಜತ್ತದಿಂದ ವಿಜಾಪುರದ ಅರ್ಧ ದಾರಿ ಎಂದಾಗ ಸ್ವಲ್ಪ ಯೋಚಿಸಿದಳು.

"ಮನ್ಯಾಗ ಜಾಗಾ ಸಾಲೂದಿಲ್ಲ ಅಂತ ನಮ್ಮತ್ತೀದು ದಿನಾ ತಕರಾರ ಇತ್ರಿ," ಎಂದಳು. "ಈಗ ಸಾಲತದ."

ಇದು ಹಾಡಿನ ದುಂಡವ್ವ, ನಿಮ್ಮತ್ತೆಯಲ್ಲ ಎಂದು ಸುಭಾನರು ತಿದ್ದಲು ಬಾಯಿ ತೆರೆದರು. ಭಾಗವ್ವ ಕಣ್ಣಿನಲ್ಲೇ ಬೇಡವೆಂದಳು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಸುಭಾನರು ಒಂದು ತಪ್ಪನ್ನು ಹಾಗೇ ಬಿಟ್ಟರು, ಶಾವಿಗೆಯ ಪಾಯಸ ಉಂಡು, ಸಂಜೆಯ ಹೊತ್ತಿಗೆ ಪ್ರೆಸ್ಸಿಗೆ ಮರಳಿದರು.