ಹೋದ ಸಲದ ಥ್ಯಾಂಕ್ಸ್

"ಹೋದ ಸಲ ಸಿಕ್ಕಾಗ ಜಗಳ ಆಗಿದ್ರೂ ಥ್ಯಾಂಕ್ಸ್ ಹೇಳ್ಬೇಕಾ?" ಕೇಕಿಗೆ ಪುಟ್ಟ ಬಾವುಟ ಚುಚ್ಚುತ್ತಾ ಗ್ರಾಸಾ ಕೇಳಿದಳು.

ಕಪ್ಪು ಜೋಡಿಸುತ್ತಿದ್ದ ಬೋದಿಲ್ ತಲೆ ಎತ್ತಲಿಲ್ಲ. "ಹೇಳ್ಬೇಕು. ಮತ್ತೆ ಸಿಕ್ಕಾಗ ಮೊದಲ ಮಾತೇ ಅದು."

"ಊಟಕ್ಕೆ ಥ್ಯಾಂಕ್ಸ್, ಕಾಫಿಗೆ ಥ್ಯಾಂಕ್ಸ್, ಇವತ್ತಿಗೆ ಥ್ಯಾಂಕ್ಸ್, ಹೋದ ಸಲಕ್ಕೂ ಥ್ಯಾಂಕ್ಸ್! ನಿಮ್ಮ ಡೆನ್ಮಾರ್ಕಿನವರಿಗೆ ಬಾಯಿ ನೋಯಲ್ವಾ?"

ಪೋರ್ಚುಗಲ್ಲಿನಿಂದ ಬಂದು ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಈ ಹುಡುಗಿಗೆ ಎಲ್ಲವೂ ಸೋಜಿಗ. ಬೆಳಿಗ್ಗೆ ಅಂಗಳದ ಕಂಬಕ್ಕೆ ಬಾವುಟ ಏರಿಸಿದಾಗ ಯಾವ ರಾಷ್ಟ್ರೀಯ ಹಬ್ಬ ಎಂದಿದ್ದಳು. ಇಲ್ಲಿ ಹುಟ್ಟುಹಬ್ಬಕ್ಕೂ ಬಾವುಟ ಏರಿಸ್ತೀವಿ, ಇವತ್ತು ನನ್ನ ಎಪ್ಪತ್ತನೇದು ಕಣೇ ಎಂದು ಬೋದಿಲ್ ಹೇಳಿದಾಗ ಬಿದ್ದು ಬಿದ್ದು ನಕ್ಕಿದ್ದಳು. ಆದರೆ ಈಗಿನ ಪ್ರಶ್ನೆ ಬೋದಿಲ್‌ಗೆ ನಾಟಿತು. ಅವಳ ತಂಗಿ ಉಲ್ಲಾ ಮೂರು ವರ್ಷದ ಮೇಲೆ ಇವತ್ತು ಬರುವವಳಿದ್ದಳು.

ಹೋದ ಸಲ ಸೇರಿದ್ದು ಅಮ್ಮನನ್ನು ಮಣ್ಣು ಮಾಡಿದ ದಿನ, ಇದೇ ಮನೆಯಲ್ಲಿ. ನೆಂಟರೆಲ್ಲ ಕಾಫಿ ಕುಡಿದು ಹೋದ ಮೇಲೆ, ಅಮ್ಮನನ್ನು ವೃದ್ಧಾಶ್ರಮಕ್ಕೆ ತಳ್ಳಿದವಳು ನೀನೇ ಎಂದು ಉಲ್ಲಾ ಕೂಗಾಡಿದ್ದಳು. ಅಪರೂಪಕ್ಕೆ ಮುಖ ತೋರಿಸುವವಳಿಗೆ ಏನು ಗೊತ್ತು ಎಂದು ಬೋದಿಲ್ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಇವತ್ತೂ ಮಾತು ಕೆಟ್ಟರೆ ಇಬ್ಬರಿಗೂ ತಮ್ಮವರು ಅಂತ ಇನ್ಯಾರೂ ಇರಲಿಲ್ಲ.

ಕರೆಗಂಟೆ ಸದ್ದಾಯಿತು. ಉಲ್ಲಾ ಒಳಗೆ ಬಂದು ಶೂ ಬಿಚ್ಚಿ, ಹೂಗುಚ್ಛ ಹಿಡಿದು ಕಾಲುಚೀಲದಲ್ಲೇ ನಿಂತಳು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುವ ಆ ಹೋದ ಸಲದ ಥ್ಯಾಂಕ್ಸ್ ಅವಳ ಬಾಯಿಂದ ಹೊರಡಲಿಲ್ಲ.

"ಹೋದ ಸಲದ್ದಕ್ಕೆ ಥ್ಯಾಂಕ್ಸ್, ಉಲ್ಲಾ," ಎಂದಳು ಬೋದಿಲ್.

"ಚುಚ್ಚಬೇಡ ಅಕ್ಕಾ."

"ಚುಚ್ತಿಲ್ಲ ಕಣೇ. ಮಾರನೇ ದಿನ ಎದ್ದು ನೋಡ್ತೀನಿ, ನೀನು ಅಷ್ಟೂ ಕಪ್ಪು ತೊಳೆದು ಒರೆಸಿ ಬೀರುವಲ್ಲಿ ಇಟ್ಟು ಹೋಗಿದ್ದೆ. ಅಮ್ಮ ಇಡ್ತಿದ್ದ ಹಾಗೇ, ಹಿಡಿ ಎಲ್ಲಾ ಬಲಕ್ಕೆ. ಅಷ್ಟು ಸಿಟ್ಟಲ್ಲೂ! ಅವತ್ತೇ ಫೋನ್ ಮಾಡೋಣ ಅಂದ್ಕೊಂಡೆ. ಆಗ್ಲಿಲ್ಲ."

ಉಲ್ಲಾಳ ಕಣ್ಣು ತುಂಬಿತು. "ಸುಮ್ನೆ ಕೂರೋಕಾಗ್ಲಿಲ್ಲ. ಏನಾದ್ರೂ ಮಾಡ್ಬೇಕಿತ್ತು. ಒಂದು ಒಡೆದೂ ಹೋಯ್ತು."

"ಗೊತ್ತು. ಚೂರನ್ನ ಕಸದಬುಟ್ಟಿ ತಳದಲ್ಲಿ ಬಚ್ಚಿಟ್ಟಿದ್ದೆ. ಚಿಕ್ಕಂದಿನಿಂದ ಅದೇ ಬುದ್ಧಿ ನಿಂದು."

ಇಬ್ಬರೂ ನಕ್ಕರು. ಹೂವು ಇನ್ನೂ ಉಲ್ಲಾಳ ಕೈಯಲ್ಲೇ ಇತ್ತು. ಗ್ರಾಸಾ ಬಂದು ಅದನ್ನು ತೆಗೆದುಕೊಂಡು ನೀರಿಗಿಟ್ಟಳು.

ಕಾಫಿ ಆದ ಮೇಲೆ ಉಲ್ಲಾ ತೊಳೆದಳು, ಬೋದಿಲ್ ಒರೆಸಿದಳು. ನೆರವಿಗೆ ಎದ್ದ ಗ್ರಾಸಾಳನ್ನು ಬೋದಿಲ್ ಕಣ್ಣಲ್ಲೇ ಕೂರಿಸಿದಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಬಂದಳಲ್ಲ ಪುಣ್ಯಾತ್ಗಿತ್ತಿ ಎಂದು ಮನಸ್ಸು ತುಂಬಿ ಬಂತು.

ಉಲ್ಲಾ ಊರಿಗೆ ಮರಳಬೇಕಿದ್ದ ಸಂಜೆಯ ಹಡಗಿಗೆ ಹೊತ್ತಾಯಿತು. ಬಾಗಿಲ ಬಳಿ ಉಲ್ಲಾ, "ಇವತ್ತಿಗೆ..." ಎಂದು ಶುರು ಮಾಡಿದಳು.

"ಇವತ್ತೇ ಹೇಳಿ ಮುಗಿಸ್ಬೇಡ," ಎಂದಳು ಬೋದಿಲ್. "ಮತ್ತೆ ಬಂದಾಗ ಹೇಳು."

ಉಲ್ಲಾ ಬಗ್ಗಿ ಶೂ ಲಾಡಿ ಕಟ್ಟಿಕೊಳ್ಳತೊಡಗಿದಳು. ಒಂದು ಶೂವಿಗೇ ತುಂಬ ಹೊತ್ತು ಹಿಡಿಯಿತು.