ಉಳಿದ ನಲವತ್ತು ಸೆಕೆಂಡು

"ಭಾವ, ಇದು ಹಾಡಾ, ಸೊಪ್ಪು ಹೆಚ್ಚಿದ್ದಾ?" ನಾದಿನಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

ಗಡಿಯಾರ ರಿಪೇರಿ ಮಾಡುವ ಭಾವ ವಿಡಿಯೊವನ್ನು ಮತ್ತೊಮ್ಮೆ ಓಡಿಸಿದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಧಾರಾವಾಹಿಯ ನಾಯಕಿ ಕಣ್ಣು ಪಿಳುಕಿಸುವಷ್ಟರಲ್ಲಿ ಬಂದು ಬಂದು ಹೋಗುತ್ತಿದ್ದಳು. ತಾಳದ ಒಂದೊಂದು ಪೆಟ್ಟಿಗೂ ಅವರು ಒಂದೊಂದು ಚಿತ್ರ ಕೂರಿಸಿದ್ದರು. ಯಾವುದೂ ಕೂದಲೆಳೆಯಷ್ಟು ಆಚೀಚೆ ಇರಲಿಲ್ಲ. ನಲವತ್ತು ವರ್ಷ ಕೈಗಡಿಯಾರಗಳ ಹೊಟ್ಟೆ ಬಿಚ್ಚಿ ಕೂತವರಿಗೆ ಅದರಲ್ಲಿ ತಪ್ಪೇನೆಂದೇ ತಿಳಿಯಲಿಲ್ಲ.

ಆ ಧಾರಾವಾಹಿಯೆಂದರೆ ಅವರ ಹೆಂಡತಿಗೆ ಪ್ರಾಣ. ಅದರ ದೃಶ್ಯಗಳನ್ನು ಕತ್ತರಿಸಿ, ತನಗಿಷ್ಟವಾದ ಹಾಡಿಗೆ ಜೋಡಿಸಿ, ತನ್ನಂಥದೇ ಅಭಿಮಾನಿ ಗೆಳತಿಯರಿಗೆ ಕಳಿಸುವುದು ಆಕೆಯ ಸಂಭ್ರಮ. ಕೊನೆಯ ವಿಡಿಯೊದಲ್ಲಿ ಇನ್ನು ನಲವತ್ತು ಸೆಕೆಂಡಿನಷ್ಟು ಜೋಡಿಸುವುದು ಉಳಿದಿರುವಾಗ ದೇವರು ಆಕೆಯನ್ನು ಕರೆಸಿಕೊಂಡ. ಬರುವ ಭಾನುವಾರ ಗೆಳತಿಯರೆಲ್ಲ ಒಟ್ಟಿಗೆ ಕೂತು ಅದನ್ನು ನೋಡುವವರಿದ್ದರು. ಉಳಿದದ್ದನ್ನು ತಾನೇ ಮುಗಿಸುತ್ತೇನೆಂದು ಇವರು ಹಟ ಹಿಡಿದಿದ್ದರು. ನಡುವೆ ಕೈ ಬದಲಾದದ್ದು ಯಾರಿಗೂ ಗೊತ್ತಾಗಬಾರದು, ಅಷ್ಟೇ ಅವರ ಆಸೆ.

"ಪೆಟ್ಟು ಬಿದ್ದಾಗೆಲ್ಲ ಕತ್ತರಿಸಿದ್ರೆ ನೋಡೋರು ಉಸಿರು ಬಿಡೋದು ಯಾವಾಗ?" ಎಂದಳು ನಾದಿನಿ. "ಮತ್ತೆ ಇದೇನಿದು, ಹಾಡಲ್ಲಿ ಬಾಗಿಲು ಅಂದ್ರೆ ಬಾಗಿಲು, ದೀಪ ಅಂದ್ರೆ ದೀಪ? ಮಕ್ಕಳಿಗೆ ಅಕ್ಷರ ಕಲಿಸ್ತಿದ್ದೀರಾ?"

"ಮಾತಿಗೆ ತಕ್ಕ ಚಿತ್ರ ಬೇಡ್ವೇನೆ?"

"ಹಾಡು ಹೇಳಿದ್ದನ್ನೇ ಚಿತ್ರ ಇನ್ನೊಂದ್ಸಲ ಹೇಳಬಾರದಂತೆ. ಅಕ್ಕ ನನಗೆ ಕಿವಿ ಹಿಂಡಿ ಕಲಿಸಿದ್ದು."

"ನನಗೆ ಯಾವತ್ತೂ ಹೇಳಲೇ ಇಲ್ಲವಲ್ಲ."

"ನೀವು ಕೇಳಿದ್ರಾ? ಧಾರಾವಾಹಿ ಹುಚ್ಚಿ ಅಂತ ನಗ್ತಿದ್ರಿ."

ಅವರು ಕುರ್ಚಿ ಮುಂದಕ್ಕೆಳೆದುಕೊಂಡು ಹೆಂಡತಿ ಮಾಡಿದ್ದ ಭಾಗವನ್ನು ಮೊದಲಿನಿಂದ ಹಾಕಿದರು. ಬೇರೊಬ್ಬ ಕೆಲಸಗಾರ ರಿಪೇರಿ ಮಾಡಿದ ಗಡಿಯಾರ ಕೈಗೆ ಬಂದಾಗ, ಇವನು ಇಲ್ಲೇಕೆ ಹೀಗೆ ಮಾಡಿದ ಎಂದು ಮೂಡುತ್ತಿದ್ದ ಹಳೆಯ ಕುತೂಹಲ ಈಗ ಮತ್ತೆ ಮೂಡಿತು. ಮೂರನೆಯ ಸಲ ನೋಡುವಾಗ ನಿಲ್ಲಿಸಿದರು.

"ಈ ನಾಯಕಿ ಎಲ್ಲೂ ಬಾಯೇ ತೆಗೆಯೋದಿಲ್ಲವಲ್ಲ?"

"ತುಟಿ ಆಡಿದ್ರೆ ಹಾಡಿನ ಜೊತೆ ಜಗಳಕ್ಕೆ ನಿಂತ ಹಾಗಿರುತ್ತೆ ಭಾವ. ಕೇಳಿಸ್ಕೊಳ್ತಾ ಇರೋ ಮುಖ ಹುಡುಕು ಅಂತಿದ್ಲು."

ಅವರು ತಾವು ಕೂರಿಸಿದ್ದ ತುಂಡುಗಳನ್ನೆಲ್ಲ ಅಳಿಸಿಬಿಟ್ಟರು.

"ಅಯ್ಯೋ, ಎರಡು ವಾರದ ಕೆಲಸ."

"ಹೋಗ್ಲಿ ಬಿಡು."

ಮಧ್ಯಾಹ್ನವೆಲ್ಲ ಕಂತಿನ ಮೇಲೆ ಕಂತು ನೋಡಿದರು. ಕಡೆಗೆ ಅಂಥ ಒಂದು ಮುಖ ಸಿಕ್ಕಿತು. ನಾಯಕಿ ಊಟದ ಮೇಜಿನ ಮುಂದೆ ಕೂತಿದ್ದಾಳೆ. ಪರದೆಯಲ್ಲಿ ಕಾಣಿಸದ ಯಾರೋ ಆಕೆಗೆ ಏನೋ ಹೇಳುತ್ತಿದ್ದಾರೆ. ಏನೆಂದು ತಿಳಿಯುವ ಆಸೆಯಾದರೂ ಅವರು ದೃಶ್ಯದ ದನಿ ಅಳಿಸಿ, ಹಾಡು ಜೋಡಿಸಿದರು.

ತಾಳದ ಪೆಟ್ಟು ಬಿತ್ತು. ಮತ್ತೊಂದು ಬಿತ್ತು. ಹತ್ತು ಸೆಕೆಂಡು ಕಳೆಯಿತು, ಇಪ್ಪತ್ತಾಯಿತು. ತಡೆಯಲಾರದೆ ನಾದಿನಿಯ ಬೆರಳು ಕತ್ತರಿಸುವ ಗುಂಡಿಯತ್ತ ಹೋಯಿತು.

"ಇರು, ಇನ್ನೂ ಕೇಳ್ತಾ ಇದ್ದಾಳೆ," ಎಂದರು ಅವರು.

ಬೆರಳು ಅಲ್ಲೇ ನಿಂತಿತು. ಪರದೆಯ ಮೇಲೆ ಆ ಮುಖ ಒಂದಿಷ್ಟು ಇತ್ತ ವಾಲಿತು.