ಕೊಡಿಕೊಂಡದ ಟೀ

ತಂಗಿ ಸ್ನೇಹಲತಾಳ ಕಾಯಿಲೆ ಶುರುವಾದದ್ದು ಚಪ್ಪಲಿಯಿಂದ. ಕಲ್ಯಾಣದುರ್ಗದ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದಳು. ಇನ್ನೊಂದು ಕಾಲಿನಿಂದ ಜಾರಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಆ ಪಾಪ ಇನ್ನೂ ಚುಚ್ಚುತ್ತದೆ. ಆಮೇಲೆ ಡಾಕ್ಟರು ಇದು ಮೆದುಳು, ನರಗಳ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು ಹೇಳಿದರು. ಅಲ್ಲಿಂದ ಅವಳ ಆಸ್ಪತ್ರೆ, ಔಷಧಿ, ಓಡಾಟವೆಲ್ಲ ನನ್ನ ಎರಡು ಕಾಲುಗಳನ್ನೇ ನಂಬಿತ್ತು.

ಮೆದುಳು ಎಷ್ಟು ಆಮ್ಲಜನಕ ಬಳಸುತ್ತದೆಂದು ಎಂಆರ್‌ಐನಲ್ಲಿ ಅಳೆಯುವ ಸಂಶೋಧನೆಗೆ ಬೆಂಗಳೂರಿನ ಆಸ್ಪತ್ರೆಯೊಂದು ಅವಳನ್ನು ಕರೆಯಿತು. ಹೋಲಿಸಿ ನೋಡಲು ಕಾಯಿಲೆ ಇಲ್ಲದವರೂ ಬೇಕಂತೆ. ಹಿಂದೂಪುರದಲ್ಲಿ ಸೀರೆ ಅಂಗಡಿ ನಡೆಸುವ ನಾನು, ಗುಂಡುಕಲ್ಲಿನಂತಿದ್ದವಳು, ಜಂಬದಿಂದ ಹೊರಟೆ.

ಸ್ಕ್ಯಾನಿಗೆ ಮುಂಚೆ ಟೀ, ಕಾಫಿ ಕುಡಿಯಬಾರದೆಂದಿದ್ದರು. ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ದಾರಿ ಮಧ್ಯೆ ಟೀಗೆಂದು ಬಸ್ಸು ನಿಂತಿತು.

"ಬ್ಯಾಡ ಕಣಕ್ಕ, ಲೆಕ್ಕ ತಪ್ಪೋಯ್ತದಂತೆ," ಎಂದಳು ತಂಗಿ.

"ಒಂದು ಲೋಟ ಟೀಗೆ ನನ್ ಮೆದುಳೇನು ಕರಗೋಯ್ತದೇನೆ?" ಎಂದು ಕುಡಿದೇಬಿಟ್ಟೆ.

ವಾರದ ಮೇಲೆ ಡಾಕ್ಟರ ಫೋನು ಬಂತು. ನನ್ನ ಮೆದುಳು ಬಳಸುವ ಆಮ್ಲಜನಕವೂ ತಂಗಿಯದರಷ್ಟೇ ಕಡಿಮೆಯಿತ್ತು. ತಕ್ಷಣ ಟೀ ನೆನಪಾಗಿ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡರೆ ಅವರು, "ಹಾಗಾದ್ರೆ ಇನ್ನೊಂದ್ಸಲ ನೋಡೋಣ," ಎಂದರು. ಟೀ ಕುಡಿದದ್ದಕ್ಕೆ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಎರಡನೇ ಸಲ ಮೂರು ದಿನ ಮೊದಲೇ ಟೀ ಬಿಟ್ಟೆ. ತಲೆ ಸಿಡಿಯುತ್ತಿದ್ದರೂ ಕೊಡಿಕೊಂಡ ಬಂದಾಗ ಕಣ್ಣು ಮುಚ್ಚಿ ಕುಳಿತೆ. ಮೊದಲ ಸಲ ನಿದ್ದೆ ಹೊಡೆದಿದ್ದ ಅದೇ ಸ್ಕ್ಯಾನಿನ ಕೊಳವೆಯೊಳಗೆ ಈ ಸಲ ಬೆವತುಹೋದೆ. ನಾಲ್ಕು ದಿನಕ್ಕೆ ಮತ್ತೆ ಫೋನು.

"ಟೀ ಬಿಟ್ರೂ ಕಮ್ಮಿನೇ ಇದೆ, ಅಮ್ಮಾ. ಇದೊಂದರಿಂದ್ಲೇ ಕಾಯಿಲೆ ಅನ್ನೋಕಾಗಲ್ಲ. ಆದ್ರೆ ನರರೋಗದ ಡಾಕ್ಟರನ್ನ ಬೇಗ ನೋಡಿ."

ತಂಗಿಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಮರುದಿನ ಮಧ್ಯಾಹ್ನ ಅವಳ ಊರು ಕಲ್ಯಾಣದುರ್ಗದಲ್ಲಿ ಬಸ್ಸಿಳಿದಾಗ ಅವಳು ಕೋಲೂರಿಕೊಂಡು ಕಾಯುತ್ತಿದ್ದಳು.

"ಏನಂದ್ರಕ್ಕ?"

"ಎಲ್ಲಾ ಆ ಟೀದೇ ತಪ್ಪಂತೆ ಕಣೆ. ನಾನು ಗುಂಡುಕಲ್ಲು!"

ಅವಳ ಮುಖ ಅರಳಿತು. ಅಷ್ಟರಲ್ಲಿ ಹಿಂದಿನಿಂದ ಕಂಡಕ್ಟರ್ ಕೂಗಿದ: "ಅಮ್ಮಾ, ಮೀ ಚೆಪ್ಪು! ಬಸ್ಸುಲೋನೇ ಉಂಡಿಪೋಯಿಂದಿ!" ಅವನ ಕೈಯಲ್ಲಿ ಬಸ್ಸಿನಲ್ಲೇ ಉಳಿದುಹೋಗಿದ್ದ ನನ್ನ ಚಪ್ಪಲಿ ಇತ್ತು.

ತಂಗಿ ನನ್ನ ಎಡಗಾಲನ್ನೇ ನೋಡಿದಳು. ನಾನೂ ನೋಡಿದೆ. ಕಾದ ಸಿಮೆಂಟಿನ ಮೇಲೆ ಬರಿಗಾಲು. ಸುಡಬೇಕಿತ್ತು, ಸುಡುತ್ತಿರಲಿಲ್ಲ.